ಗುಣವಾಗುವ ತನಕ ಕಾಯಬೇಕಾಗಿಲ್ಲ: ಮಿದುಳಿಗೆ ಪೆಟ್ಟಾದ ಮಕ್ಕಳ ದಿನದಿನದ ಬದುಕು

(ಹೆತ್ತವರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಿದುಳಿಗೆ ಪೆಟ್ಟಾದ ಮಗು ಆಸ್ಪತ್ರೆಯಿಂದ ಮನೆಗೆ ಹೊರಡುವ ಹೊತ್ತಿಗೆ ಹೆತ್ತವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. ‘ಪೂರ್ತಿ ಗುಣ ಆಗೋದು ಯಾವಾಗ?’ ಮಗು ಕೇಳುವ ಪ್ರಶ್ನೆ ಬೇರೆ. ‘ನಾನು ಯಾವಾಗ ಆಡೋಕೆ ಹೋಗಬಹುದು?’ ‘ಕ್ಲಾಸಲ್ಲಿ ನನ್ನ ಜಾಗದಲ್ಲಿ ಈಗ ಯಾರು ಕೂತಿದ್ದಾರೆ?’ ದಿನದಿನದ ಕೆಲಸಗಳನ್ನು ಮತ್ತೆ ಮಾಡಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ನಾನು ಎರಡೂ ಥರದ ಪ್ರಶ್ನೆಗಳನ್ನು ಕೇಳಿಸಿಕೊಳ್ಳುತ್ತಲೇ ಬಂದಿದ್ದೇನೆ. ಹೆತ್ತವರ ಪ್ರಶ್ನೆಗೆ ಖಚಿತವಾದ ಉತ್ತರ ಯಾವ ಡಾಕ್ಟರ ಬಳಿಯೂ ಇರುವುದಿಲ್ಲ. ಮಗುವಿನ ಪ್ರಶ್ನೆಗೆ ಇವತ್ತೇ ಏನಾದರೂ ಮಾಡಬಹುದು. ಆದರೆ ನಾವು ದೊಡ್ಡವರು ಎರಡನ್ನೂ ಒಂದಕ್ಕೊಂದು ಗಂಟು ಹಾಕಿಬಿಡುತ್ತೇವೆ. ‘ಮೊದಲು ಗುಣ ಆಗಲಿ. ಆಮೇಲೆ ಆಟ, ಆಮೇಲೆ ಗೆಳೆಯರು, ಆಮೇಲೆ ತಿರುಗಾಟ.’ ಎಷ್ಟೋ ಮಕ್ಕಳ ಪಾಲಿಗೆ ಆ ‘ಆಮೇಲೆ’ ಬರುವುದೇ ಇಲ್ಲ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ಆಟ, ಗೆಳೆತನ, ಮನೆಯ ಸಣ್ಣಪುಟ್ಟ ಕೆಲಸ, ಶಾಲೆಯ ಗದ್ದಲ, ಇವು ಚೇತರಿಕೆ ಮುಗಿದ ಮೇಲೆ ಸಿಗುವ ಬಹುಮಾನ ಆಗಬಾರದು. ಮಗು ಚೇತರಿಸಿಕೊಳ್ಳುವುದೇ ಇವುಗಳ ನಡುವೆ.

ಯಾವ ಮಕ್ಕಳ ಮಾತಾಡುತ್ತಿದ್ದೇನೆ ಎಂದು ಮೊದಲು ಹೇಳಿಬಿಡುತ್ತೇನೆ. ಹುಟ್ಟಿದಾಗ ಚೆನ್ನಾಗಿದ್ದು, ಆಮೇಲೆ ಯಾವತ್ತೋ ಮಿದುಳಿಗೆ ಹಾನಿಯಾದ ಮಕ್ಕಳು. ಪುಟ್ಟ ಮಕ್ಕಳಲ್ಲಿ ಬಿದ್ದು ಪೆಟ್ಟಾಗುವುದು ಜಾಸ್ತಿ. ದೊಡ್ಡವರಾಗುತ್ತಾ ರಸ್ತೆ ಅಪಘಾತ, ಆಟದ ಮೈದಾನದಲ್ಲಿ ತಲೆಗೆ ಬೀಳುವ ಏಟು. ಏಟೇ ಬೀಳದೆಯೂ ಹಾನಿಯಾಗುತ್ತದೆ: ಮಿದುಳು ಜ್ವರ, ಮಿದುಳಿನ ಗಡ್ಡೆ ಮತ್ತು ಅದರ ಚಿಕಿತ್ಸೆ, ನೀರಲ್ಲಿ ಮುಳುಗಿ ಉಸಿರು ಕಟ್ಟಿ ಮಿದುಳಿಗೆ ಆಮ್ಲಜನಕ ಸಿಗದೆ ಹೋಗುವುದು. ಸ್ಟ್ರೋಕ್ ಕೂಡ ಮಕ್ಕಳಿಗೆ ಆಗುತ್ತದೆ.

ಆಸ್ಪತ್ರೆಯ ಕಾಗದಗಳಲ್ಲಿ ‘ಜಿಸಿಎಸ್’ ಅಂತ ಒಂದು ಅಂಕಿ ನೋಡಿರುತ್ತೀರಿ. ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ವೈದ್ಯರು ಎಚ್ಚರ ಎಷ್ಟಿದೆ ಎಂದು ತಿಳಿಯಲು 1974ರಲ್ಲಿ ಕೊಟ್ಟ ಅಳತೆ ಅದು. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಎಂದು ನೋಡಿ 3ರಿಂದ 15ರ ತನಕ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರ, 9ರಿಂದ 12 ಮಧ್ಯಮ, 13ರಿಂದ 15 ಸೌಮ್ಯ. ಜೀವ ಉಳಿಸುವ ಹೊತ್ತಿನಲ್ಲಿ ಇದಕ್ಕೆ ತುಂಬಾ ಬೆಲೆ ಇದೆ. ಆದರೆ ಒಂದು ವರ್ಷದ ಮೇಲೆ ಈ ಮಗುವನ್ನು ಯಾರಾದರೂ ಹುಟ್ಟುಹಬ್ಬಕ್ಕೆ ಕರೆಯುತ್ತಾರಾ ಅನ್ನುವುದು ಆ ಅಂಕಿಯಿಂದ ತಿಳಿಯುವುದಿಲ್ಲ. ‘ಸೌಮ್ಯ’ ಎಂದು ಬರೆಸಿಕೊಂಡು ಬಂದ ಕೆಲವು ಮಕ್ಕಳು ತಿಂಗಳುಗಟ್ಟಲೆ ಶಾಲೆಯಲ್ಲಿ ಒದ್ದಾಡುತ್ತಾರೆ. ‘ತೀವ್ರ’ ಎಂದು ಬರೆಸಿಕೊಂಡು ಬಂದ ಕೆಲವರು ಗೆಳೆಯರ ನಡುವೆ ನಗುನಗುತ್ತಾ ಇರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಆರೋಗ್ಯವನ್ನು ನೋಡುವ ಒಂದು ಚೌಕಟ್ಟನ್ನು ಕೊಟ್ಟಿತು. ಐಸಿಎಫ್ ಅಂತ ಅದರ ಚಿಕ್ಕ ಹೆಸರು. 2007ರಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಹೊಂದುವ ಹಾಗೆ ಅದರದೇ ಇನ್ನೊಂದು ರೂಪ ಬಂತು. ದೇಹ ಹೇಗೆ ಕೆಲಸ ಮಾಡುತ್ತಿದೆ, ಮಗು ಏನೇನು ಮಾಡಬಲ್ಲದು, ಬದುಕಿನ ಸಂದರ್ಭಗಳಲ್ಲಿ ಅದು ಎಷ್ಟು ಬೆರೆಯುತ್ತಿದೆ, ಇವನ್ನು ಆ ಚೌಕಟ್ಟು ಬಿಡಿಬಿಡಿಯಾಗಿ ನೋಡುತ್ತದೆ. ಜೊತೆಗೆ ಸುತ್ತಲಿನ ಪರಿಸರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೆಟ್ಟಿಲು, ಗದ್ದಲ, ಟೀಚರ್ ಮಾತಾಡುವ ವೇಗ, ಪಕ್ಕದ ಮನೆಯವರ ಧೋರಣೆ, ಎಲ್ಲವೂ ಪರಿಸರವೇ.

ಕೈಕಾಲು ಸರಿಹೋದರೆ ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಇತ್ತು. ಅದು ಹಾಗೆ ಆಗುವುದಿಲ್ಲ. ಅಮೆರಿಕದ ಗ್ಯಾರಿ ಬೆಡೆಲ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ ಮಿದುಳಿಗೆ ಪೆಟ್ಟಾದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಮನೆ, ಶಾಲೆ, ನೆರೆಹೊರೆ, ದಿನದ ವ್ಯವಹಾರ ಹೀಗೆ ಅದರಲ್ಲಿ ನಾಲ್ಕು ಭಾಗ. ಆಸ್ಪತ್ರೆಯಿಂದ ಮನೆಗೆ ಹೋದ ಮಕ್ಕಳ ಬಗ್ಗೆ ಹೆತ್ತವರನ್ನು ಹೀಗೆ ವಿಚಾರಿಸಿದಾಗ ಒಂದು ವಿಷಯ ಎದ್ದು ಕಂಡಿತು. ಮನೆಯೊಳಗೆ ಓಡಾಡುವುದಕ್ಕೆ ಅಷ್ಟಾಗಿ ತೊಂದರೆ ಇಲ್ಲ. ಹೊರಗೆ ಓರಗೆಯವರ ಜೊತೆ ಆಟ, ಕೂಟ, ಗುಂಪಿನ ಚಟುವಟಿಕೆ ಅಂದಾಗಲೇ ತೊಂದರೆ ಜಾಸ್ತಿ. ಅಂದರೆ ನಾವು ಚಿಕಿತ್ಸೆಗೆ ಅತಿ ಹೆಚ್ಚು ಹೊತ್ತು ಕೊಡುವುದು ಒಂದು ಕಡೆ, ಮಕ್ಕಳಿಗೆ ಅತಿ ಹೆಚ್ಚು ನೋವಾಗುವುದು ಇನ್ನೊಂದು ಕಡೆ.

ಇನ್ನೂ ಒಂದು ಸೂಕ್ಷ್ಮ ಇದೆ. ಆಸ್ಟ್ರೇಲಿಯಾದ ಕ್ರಿಸ್ಟೀನ್ ಇಮ್ಸ್ ಮತ್ತು ಅವರ ಜೊತೆಗಾರರು ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಒಂದು ಜಾಗದಲ್ಲಿ ಹಾಜರಿರುವುದು ಬೇರೆ, ಅಲ್ಲಿ ನಡೆಯುವುದರಲ್ಲಿ ಮನಸ್ಸಿಟ್ಟು ಸೇರಿಕೊಳ್ಳುವುದು ಬೇರೆ. ಹಾಜರಿ ಪುಸ್ತಕದಲ್ಲಿ ನೂರಕ್ಕೆ ನೂರು ಇರುವ ಹುಡುಗಿ ಇಡೀ ದಿನ ಯಾರ ಜೊತೆಯೂ ಒಂದು ಮಾತಾಡದೆ ಮನೆಗೆ ಬಂದಿರಬಹುದು. ‘ಶಾಲೆಗೆ ಹೋಗ್ತಿದ್ದಾಳೆ, ಎಲ್ಲ ಸರಿ ಇದೆ’ ಎಂದು ನಾವು ಫೈಲ್ ಮುಚ್ಚಿಬಿಡುತ್ತೇವೆ. ದಯವಿಟ್ಟು ಅಷ್ಟಕ್ಕೇ ಬಿಡಬೇಡಿ. ‘ಇವತ್ತು ಯಾರ ಪಕ್ಕ ಕೂತಿದ್ದೆ? ಬಿಡುವಿನಲ್ಲಿ ಏನು ಮಾಡಿದೆ?’ ಎಂದು ಕೇಳಿ. ಉತ್ತರ ಅಲ್ಲಿರುತ್ತದೆ.

ಈಗ ಶಾಲೆಯ ಬಿಡುವಿನ ಹೊತ್ತನ್ನೇ ಹತ್ತಿರದಿಂದ ನೋಡೋಣ. ಹನ್ನೊಂದು ವರ್ಷದ ಹುಡುಗ ಅಂದುಕೊಳ್ಳಿ. ಚೆನ್ನಾಗಿ ನಡೆಯುತ್ತಾನೆ, ಓಡುತ್ತಾನೆ. ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಚೆಂಡು ಹಿಡಿದು ಹೊರಗೆ ನುಗ್ಗಿದರು. ಅರ್ಧ ನಿಮಿಷದಲ್ಲಿ ಎರಡು ತಂಡ ಆಯಿತು. ಯಾರು ಯಾವ ತಂಡ ಎಂದು ಯಾರೋ ಕೂಗಿದರು, ಅದೇ ಹೊತ್ತಿಗೆ ಇನ್ನಿಬ್ಬರು ಜಗಳ ಶುರು ಮಾಡಿದರು. ‘ಗೋಡೆಗೆ ತಾಗಿದರೆ ಔಟ್’ ಎಂದು ಒಬ್ಬ ಹೇಳಿದ. ಎರಡು ನಿಮಿಷ ಆದಮೇಲೆ ‘ಇಲ್ಲ, ಗೋಡೆಗೆ ತಾಗಿದರೂ ಪರವಾಗಿಲ್ಲ’ ಎಂದು ನಿಯಮ ಬದಲಾಯಿತು. ನಮ್ಮ ಹುಡುಗ ಇನ್ನೂ ಮೊದಲ ನಿಯಮವನ್ನೇ ಹಿಡಿದುಕೊಂಡಿದ್ದಾನೆ. ಹೊಸದನ್ನು ಮನಸ್ಸಿಗೆ ತಂದುಕೊಳ್ಳುವಷ್ಟರಲ್ಲಿ ಚೆಂಡು ಬಂದು ಹೋಗಿಯಾಗಿದೆ. ‘ಏಯ್, ನೋಡೋಕಾಗಲ್ವಾ?’ ಎಂದು ಬೈಗುಳ. ಅವನಿಗೆ ಸಿಟ್ಟು ಬಂತು. ಮೊದಲಾಗಿದ್ದರೆ ನುಂಗಿಕೊಳ್ಳುತ್ತಿದ್ದ, ಈಗ ಆಗುವುದಿಲ್ಲ. ತಳ್ಳಿದ. ಮರುದಿನ ಅವನನ್ನು ಯಾರೂ ಕರೆಯಲಿಲ್ಲ. ಅದರ ಮರುದಿನ ಅವನೇ ಗೋಡೆಯ ಪಕ್ಕ ನಿಂತ.

ಇಲ್ಲಿ ನಡೆದದ್ದೇನು? ಗದ್ದಲದ ನಡುವೆ ಬೇಕಾದ ದನಿಯನ್ನಷ್ಟೇ ಹಿಡಿಯುವುದು, ನಿಯಮವನ್ನು ನೆನಪಿನಲ್ಲಿಟ್ಟುಕೊಳ್ಳುವುದು, ನಿಯಮ ಬದಲಾದರೆ ಹಳೆಯದನ್ನು ಬಿಡುವುದು, ಸಿಟ್ಟನ್ನು ಒಂದು ಕ್ಷಣ ತಡೆಯುವುದು. ಇವೆಲ್ಲ ಹೆಚ್ಚಾಗಿ ಮಿದುಳಿನ ಮುಂಭಾಗದ ಮತ್ತು ಅದಕ್ಕೆ ಹೊಂದಿಕೊಂಡ ಎಳೆಗಳ ಕೆಲಸ. ಜೋರು ಪೆಟ್ಟಿನಲ್ಲಿ ಪೆಟ್ಟು ತಿನ್ನುವುದೂ ಬಹಳ ಸಲ ಅವೇ. ಮಿದುಳಿನೊಳಗೆ ವಿಷಯಗಳೆಲ್ಲ ಬರುತ್ತವೆ, ಆದರೆ ಕಿರಿದಾದ ಬಾಗಿಲಲ್ಲಿ ಜನ ಒಬ್ಬೊಬ್ಬರಾಗಿ ಬರುವ ಹಾಗೆ. ಗುಂಪಾಗಿ ನುಗ್ಗಿದರೆ ಬಾಗಿಲಲ್ಲೇ ತಡೆ.

ಸರಿ, ಏನು ಮಾಡುವುದು? ಬಹಳ ಕಡೆ ಮಾಡುವುದು ಏನೆಂದರೆ, ಅವನಿಗೆ ಅಂಕ ಬರೆಯುವ ಕೆಲಸ ಕೊಟ್ಟು ಬದಿಯಲ್ಲಿ ಕೂರಿಸುವುದು. ಕೆಲವು ಮಕ್ಕಳಿಗೆ ಅದು ಇಷ್ಟವಾಗುತ್ತದೆ, ಆಗ ಅದೇ ಸರಿ. ಆದರೆ ಆಡಬೇಕು ಅನ್ನುವ ಹುಡುಗನಿಗೆ ಅಂಕದ ಪುಸ್ತಕ ಕೊಟ್ಟರೆ ಅವನನ್ನು ಚಂದವಾಗಿ ಹೊರಗಿಟ್ಟ ಹಾಗೆ ಆಗುತ್ತದೆ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮೊದಲು ಅವನನ್ನೇ ಕೇಳಿ. ಆಡಬೇಕು ಅಂದರೆ ಆಟವನ್ನೇ ಸ್ವಲ್ಪ ತಿದ್ದಿ. ಹನ್ನೆರಡು ಜನರ ಬದಲು ನಾಲ್ಕೈದು ಜನ. ಶುರು ಮಾಡುವ ಮುಂಚೆಯೇ ನಿಯಮ ಹೇಳಿಬಿಡುವುದು, ನಡುವೆ ಬದಲಾಯಿಸದಿರುವುದು. ಚೆಂಡು ಎಸೆಯುವ ಮುಂಚೆ ಅವನ ಹೆಸರು ಕೂಗುವುದು. ಎರಡು ತಂಡಕ್ಕೆ ಎರಡು ಬಣ್ಣದ ಪಟ್ಟಿ, ನೆನಪಿಟ್ಟುಕೊಳ್ಳುವ ಹೊರೆ ಇಳಿಯಿತು. ಬಿಡುವಿನ ಮೊದಲರ್ಧ ಆಟ, ಇನ್ನರ್ಧ ನೆರಳಲ್ಲಿ ಒಬ್ಬ ಗೆಳೆಯನ ಜೊತೆ ಸುಮ್ನೆ ಕೂರುವುದು. ಇಷ್ಟಕ್ಕೆ ಯಾವ ಉಪಕರಣವೂ ಬೇಡ. ಒಬ್ಬ ಟೀಚರ್ ಮತ್ತು ಇಬ್ಬರು ಒಳ್ಳೆಯ ಗೆಳೆಯರು ಸಾಕು.

ಪರಿಸರವನ್ನು ಮಾತ್ರ ಬದಲಾಯಿಸಿದರೆ ನಿಜಕ್ಕೂ ಫಲ ಸಿಗುತ್ತದಾ ಅಂತ ನೀವು ಕೇಳಬಹುದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಡಾನಾ ಅನಾಬಿ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಅವರು ನೋಡಿದ್ದು ದೈಹಿಕ ಅಂಗವೈಕಲ್ಯ ಇರುವ ಹದಿಹರೆಯದವರನ್ನು. ಪ್ರತಿಯೊಬ್ಬರೂ ತಮಗೆ ಬೇಕಾದ ಚಟುವಟಿಕೆಯನ್ನು ತಾವೇ ಆರಿಸಿಕೊಂಡರು. ಥೆರಪಿಸ್ಟ್ ಅವರ ಕೈಕಾಲಿನ ಮೇಲೆ ಕೆಲಸ ಮಾಡಲಿಲ್ಲ. 12 ವಾರ ಅಡ್ಡಿಗಳನ್ನು ತೆಗೆಯುವುದರ ಮೇಲಷ್ಟೇ ಕೆಲಸ ನಡೆಯಿತು: ಓಡಾಟದ ವ್ಯವಸ್ಥೆ, ಕಲಿಸುವವರ ಜೊತೆ ಮಾತುಕತೆ, ಸರಿಯಾದ ಜಾಗ ಹುಡುಕುವುದು ಇಂಥವು. ಆ ಚಟುವಟಿಕೆಗಳಲ್ಲಿ ಅವರು ಚೆನ್ನಾಗಿ ಮುಂದುವರಿದರು. ಮಿದುಳಿನ ಪೆಟ್ಟಿನ ಮಕ್ಕಳಿಗೆ ಇದನ್ನು ಹಾಗೆಹಾಗೇ ಹೊಂದಿಸಲಾಗದು ನಿಜ, ಆಲೋಚನೆ ಮತ್ತು ನೆನಪಿನ ತೊಡಕು ಬೇರೆಯೇ ಇರುತ್ತದೆ. ಆದರೂ ದಾರಿ ಯಾವ ಕಡೆ ಇದೆ ಅನ್ನುವುದಂತೂ ಕಾಣುತ್ತದೆ.

ಇನ್ನು ಒಂದು ಹಳೆಯ ನಂಬಿಕೆಯ ಬಗ್ಗೆ ಹೇಳಲೇಬೇಕು. ‘ಚಿಕ್ಕ ಮಗು ಅಲ್ವಾ, ಮಿದುಳು ಬೇಗ ಕೂಡಿಕೊಳ್ಳುತ್ತೆ’ ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಈ ಮಾತಿಗೆ ಒಂದು ಚರಿತ್ರೆಯೇ ಇದೆ. ಮಾರ್ಗರೆಟ್ ಕೆನಾರ್ಡ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕೋತಿಗಳ ಮೇಲೆ ಪ್ರಯೋಗ ಮಾಡಿ, ಮರಿಗಳು ದೊಡ್ಡ ಕೋತಿಗಳಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು ಕಂಡರು. ಅದು ಕೈಕಾಲಿನ ಚಲನೆಯ ಬಗ್ಗೆ ಇದ್ದ ಮಾತು. ಬರಬರುತ್ತಾ ಅದನ್ನು ಎಲ್ಲದಕ್ಕೂ ಹಬ್ಬಿಸಿದರು. ಆಮೇಲಿನ ಅಧ್ಯಯನಗಳು ಬೇರೆ ಚಿತ್ರ ಕೊಟ್ಟವು. ತುಂಬಾ ಚಿಕ್ಕ ವಯಸ್ಸಿನಲ್ಲಿ ಜೋರಾದ ಪೆಟ್ಟು ಬಿದ್ದರೆ, ಇನ್ನೂ ಕಲಿಯದ ಕೌಶಲಗಳ ಬುಡಕ್ಕೇ ಪೆಟ್ಟು. ನಾಲ್ಕು ವರ್ಷದ ಮಗುವಿಗೆ ಯೋಜನೆ ಹಾಕಿ ಕೆಲಸ ಮಾಡು ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಕೊರತೆ ಕಾಣುವುದೂ ಇಲ್ಲ. ಅದೇ ಮಗು ಹದಿಮೂರಕ್ಕೆ ಬಂದಾಗ ಐದಾರು ವಿಷಯ, ಐದಾರು ಟೀಚರ್, ಒಂದೊಂದಕ್ಕೆ ಒಂದೊಂದು ಪುಸ್ತಕ, ಗೆಳೆಯರ ನಡುವೆ ಒಳಮಾತು, ವ್ಯಂಗ್ಯ. ಆಗ ಕೊರತೆ ಎದ್ದು ನಿಲ್ಲುತ್ತದೆ. ಮಿದುಳಿನ ಮುಂಭಾಗ ಪೂರ್ತಿ ಮಾಗುವುದು ಇಪ್ಪತ್ತು ದಾಟಿದ ಮೇಲೆ, ಸುಮಾರು ಇಪ್ಪತ್ತೈದರ ಹೊತ್ತಿಗೆ. ಆದ್ದರಿಂದ ಈ ಕಥೆಯೂ ಅಲ್ಲಿಯವರೆಗೆ ನಡೆಯುತ್ತಲೇ ಇರುತ್ತದೆ.

ಆ ಹೊತ್ತಿಗೆ ಹಳೆಯ ಪೆಟ್ಟು ಎಲ್ಲರಿಗೂ ಮರೆತಿರುತ್ತದೆ. ಹೊಸ ಶಾಲೆಗೆ ಗೊತ್ತೇ ಇರುವುದಿಲ್ಲ. ‘ಸೋಮಾರಿ’, ‘ಉಡಾಳ’, ‘ಗಮನ ಕೊಡಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಹೆತ್ತವರಿಗೆ ನನ್ನ ಕೋರಿಕೆ ಇದು. ಮಗು ತರಗತಿ ಬದಲಾಯಿಸಲಿ, ಶಾಲೆ ಬದಲಾಯಿಸಲಿ, ಕಾಲೇಜಿಗೆ ಸೇರಲಿ, ಪ್ರತಿ ಸಲವೂ ಒಂದೇ ಒಂದು ಪುಟದಲ್ಲಿ ಬರೆದು ಕೊಡಿ: ಯಾವ ವಯಸ್ಸಿನಲ್ಲಿ ಏನಾಯಿತು, ಈಗ ಏನು ಕಷ್ಟ, ಏನು ಮಾಡಿದರೆ ಸಹಾಯ ಆಗುತ್ತದೆ. ಇಪ್ಪತ್ತು ಪುಟದ ವರದಿಯನ್ನು ಓದುವ ಬಿಡುವು ಟೀಚರಿಗೆ ಇರುವುದಿಲ್ಲ, ಒಂದು ಪುಟವನ್ನು ಓದುತ್ತಾರೆ.

ಸುಸ್ತಿನ ಬಗ್ಗೆ ಎರಡು ಮಾತು. ಮಿದುಳಿಗೆ ಪೆಟ್ಟಾದ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ, ತುಂಬಾ ಕಾಲ ಉಳಿಯುವಂಥದ್ದು. ಓಡಿ ಬಂದಾಗ ಆಗುವ ದಣಿವಿನ ಥರ ಇರುವುದಿಲ್ಲ. ನಾವೆಲ್ಲ ಯೋಚನೆಯೇ ಇಲ್ಲದೆ ಮಾಡುವ ಕೆಲಸಕ್ಕೆ ಈ ಮಕ್ಕಳು ಪ್ರತಿ ಸಲ ಪ್ರಯತ್ನ ಹಾಕಬೇಕಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಜಾಣನಾಗಿದ್ದ ಹುಡುಗ ಮಧ್ಯಾಹ್ನ ಎರಡಕ್ಕೆ ಸುಲಭದ ಲೆಕ್ಕ ತಪ್ಪುತ್ತಾನೆ. ಕೆಲವರು ಮಂಕಾಗುತ್ತಾರೆ, ಕೆಲವರು ಇದ್ದಕ್ಕಿದ್ದಂತೆ ಕುಣಿದಾಡುತ್ತಾರೆ, ಕೆಲವರು ಕಿರುಚುತ್ತಾರೆ. ಶಾಲೆಯಲ್ಲಿ ಹೇಗೋ ಹಿಡಿದಿಟ್ಟುಕೊಂಡು ಮನೆಗೆ ಬಂದು ಅಮ್ಮನ ಮುಂದೆ ಸಿಡಿಯುವವರೂ ಇದ್ದಾರೆ. ಆಗ ಶಾಲೆಯವರು ‘ಇಲ್ಲಿ ಚೆನ್ನಾಗೇ ಇದ್ದಾನಲ್ಲ’ ಅನ್ನುತ್ತಾರೆ, ಅಮ್ಮನ ಮಾತನ್ನು ಯಾರೂ ನಂಬುವುದಿಲ್ಲ. ಅಮ್ಮನ ಮಾತನ್ನು ನಂಬಿ. ಬೇಕಾದ ಕೆಲಸಕ್ಕೆ ಶಕ್ತಿ ಉಳಿಯುವ ಹಾಗೆ ದಿನವನ್ನು ಜೋಡಿಸಬೇಕು. ಸಂಜೆ ಗೆಳತಿಯ ಮನೆಗೆ ಹೋಗುವುದು ಮಗುವಿಗೆ ಮುಖ್ಯವಾದರೆ ಮಧ್ಯಾಹ್ನದ ಹೋಂವರ್ಕನ್ನು ಅರ್ಧಕ್ಕೆ ಇಳಿಸಿ. ಇದು ಮುದ್ದು ಮಾಡಿ ಕೆಡಿಸಿದ ಹಾಗಲ್ಲವೇ ಎಂದು ಕೇಳುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಗೆಳತಿಯ ಜೊತೆ ಕಳೆಯುವ ಒಂದು ಗಂಟೆಯಲ್ಲಿ ಸರದಿ ಕಾಯುವುದು, ಮಾತು ಹಿಡಿಯುವುದು, ನೆನಪಿಟ್ಟುಕೊಳ್ಳುವುದು ಎಲ್ಲದರ ಅಭ್ಯಾಸ ಆಗುತ್ತದೆ. ಜೊತೆಗೆ ಮಗು ನಗುತ್ತದೆ.

ವಿಶ್ರಾಂತಿಯೂ ಅಳತೆ ಮೀರಬಾರದು. ಕನ್ಕಷನ್ ಅನ್ನುವ ಸೌಮ್ಯ ಪೆಟ್ಟಿನ ವಿಷಯದಲ್ಲಿ ಈಚಿನ ಸಲಹೆ ಸ್ಪಷ್ಟವಾಗಿದೆ. ಮುಂಚೆ ಕತ್ತಲೆ ಕೋಣೆಯಲ್ಲಿ ಮಲಗಿಸಿ ದಿನಗಟ್ಟಲೆ ಏನೂ ಮಾಡಬೇಡ ಎನ್ನುತ್ತಿದ್ದರು. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಐದು ದಿನ ಕಟ್ಟುನಿಟ್ಟಾದ ವಿಶ್ರಾಂತಿಯಲ್ಲಿದ್ದವರಿಗೆ, ಒಂದೆರಡು ದಿನವಷ್ಟೇ ವಿಶ್ರಾಂತಿ ಪಡೆದವರಿಗಿಂತ ಲಾಭವೇನೂ ಆಗಲಿಲ್ಲ. ಅವರು ಹೇಳಿಕೊಂಡ ತೊಂದರೆಗಳೇ ಹೆಚ್ಚಿದ್ದವು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರ ಒಮ್ಮತದ ಮಾತೂ ಇದೇ ದಾರಿಯಲ್ಲಿದೆ. ಮೊದಲ 24ರಿಂದ 48 ಗಂಟೆ ಹಗುರವಾಗಿರಿ, ಮೊಬೈಲ್ ಟಿವಿ ಕಡಿಮೆ ಮಾಡಿ, ಮನೆಯೊಳಗಿನ ಓಡಾಟ ಇರಲಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಮೊದಲು ಶಾಲೆ, ಆಮೇಲೆ ಪೂರ್ತಿ ಆಟ. ಮೈಗೆ ಮೈ ತಾಗುವ ಆಟಕ್ಕಂತೂ ಡಾಕ್ಟರ ಒಪ್ಪಿಗೆ ಬೇಕೇ ಬೇಕು, ಯಾಕೆಂದರೆ ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಅಪಾಯ ದೊಡ್ಡದು. ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಯಾವ ಮೆಟ್ಟಿಲೂ ಲೆಕ್ಕಕ್ಕಿಲ್ಲ, ಕೂಡಲೇ ಆಸ್ಪತ್ರೆಗೆ ಓಡಿ.

ಭಯದ ಮಾತಿಗೆ ಬರುತ್ತೇನೆ. ಮಗುವನ್ನು ಐಸಿಯುನಲ್ಲಿ ನಳಿಕೆಗಳ ನಡುವೆ ನೋಡಿದ ಅಪ್ಪ ಅಮ್ಮನಿಗೆ ‘ಭಯ ಬಿಡಿ’ ಎಂದು ಹೇಳುವ ಹಕ್ಕು ನನಗಿಲ್ಲ. ಆ ಭಯಕ್ಕೆ ಕಾರಣ ಇದೆ. ಕೆಲವು ಎಚ್ಚರಿಕೆಗಳು ನಿಜಕ್ಕೂ ಬೇಕು. ಫಿಟ್ಸ್ ಬರುವ ಮಗು ಈಜಲು ಇಳಿದರೆ ಅದರ ಮೇಲೆಯೇ ಕಣ್ಣಿಟ್ಟ ಒಬ್ಬರು ಕೈಗೆಟಕುವಷ್ಟು ದೂರದಲ್ಲಿರಬೇಕು. ಎತ್ತರ ಹತ್ತುವುದು, ರಸ್ತೆಯಲ್ಲಿ ಸೈಕಲ್ ಓಡಿಸುವುದು, ಇವನ್ನು ಡಾಕ್ಟರ ಹತ್ತಿರ ಕೇಳಿಯೇ ತೀರ್ಮಾನಿಸಬೇಕು. ನಾನು ಕೇಳಿಕೊಳ್ಳುವುದು ಒಂದೇ. ‘ಬೇಡ’ ಎನ್ನುವ ಮುಂಚೆ ‘ಏನೇನು ಇದ್ದರೆ ಹೋಗಬಹುದು?’ ಎಂದು ಒಂದು ಸಲ ಯೋಚಿಸಿ.

ಹದಿನೈದು ವರ್ಷದ ಹುಡುಗಿಯೊಬ್ಬಳು ಬಸ್ಸಿನಲ್ಲಿ ಒಬ್ಬಳೇ ಗೆಳತಿಯ ಮನೆಗೆ ಹೋಗಬೇಕು ಅಂದಳು ಅಂದುಕೊಳ್ಳಿ. ಅವಳಿಗೆ ನೆನಪು ಕೈಕೊಡುತ್ತದೆ, ಗಮನ ಬೇಗ ಚದುರುತ್ತದೆ. ನಾವು ಬಳಸುವ ಒಂದು ವಿಧಾನಕ್ಕೆ ‘ಕೋ-ಆಪ್’ ಎನ್ನುತ್ತಾರೆ. ಕೆನಡಾದ ಹೆಲೆನ್ ಪೊಲಟೈಕೊ ಮತ್ತು ಏಂಜೆಲಾ ಮ್ಯಾಂಡಿಕ್ ರೂಪಿಸಿದ್ದು. ಮೊದಲು ಚಲನೆಯ ಹೊಂದಾಣಿಕೆ ಇಲ್ಲದ ಮಕ್ಕಳಿಗಾಗಿ ಶುರುವಾಯಿತು, ಆಮೇಲೆ ಮಿದುಳಿಗೆ ಪೆಟ್ಟಾದವರಿಗೂ ಬಳಸಿ ನೋಡಿದರು. ಗುರಿ, ಉಪಾಯ, ಮಾಡುವುದು, ಮಾಡಿದ್ದನ್ನು ನೋಡುವುದು, ಈ ನಾಲ್ಕು ಹೆಜ್ಜೆ. ಗುರಿಯನ್ನು ಹೇಳುವುದು ಮಗು. ಉಪಾಯ ಹುಡುಕುವುದೂ ಮಗುವೇ. ದೊಡ್ಡವರ ಕೆಲಸ ಕೇಳುವುದು.

‘ಬಸ್ ಹತ್ತಬೇಕಾದರೆ ಏನೇನು ಗೊತ್ತಿರಬೇಕು?’ ಎಂದು ಕೇಳಿದಾಗ ಅವಳೇ ಬರೆದಳು: ಬಸ್ ನಂಬರ್, ಇಳಿಯುವ ಸ್ಟಾಪಿನ ಹೆಸರು, ಅದಕ್ಕಿಂತ ಮುಂಚಿನ ಸ್ಟಾಪಿನ ಹೆಸರು. ಮೊದಲ ಸಲ ಅಮ್ಮ ಪಕ್ಕದಲ್ಲೇ ಕೂತರು, ಆದರೆ ಮಾತಾಡಲಿಲ್ಲ. ಹುಡುಗಿ ಹಾಡು ಕೇಳುತ್ತಾ ಕೂತು ಸ್ಟಾಪನ್ನು ದಾಟಿಬಿಟ್ಟಳು. ಅಮ್ಮ ತಡೆಯಲಿಲ್ಲ, ಅದು ಎಷ್ಟು ಕಷ್ಟ ಎಂದು ತಾಯಂದಿರಿಗೆ ಗೊತ್ತು. ಮುಂದಿನ ಸ್ಟಾಪಿನಲ್ಲಿ ಇಳಿದ ಮೇಲೆ ‘ಏನಾಯ್ತಮ್ಮ?’ ಎಂದಷ್ಟೇ ಕೇಳಿದರು. ‘ಹಾಡು ಕೇಳ್ತಾ ಇದ್ದೆ, ನೋಡಲೇ ಇಲ್ಲ.’ ‘ಮುಂದಿನ ಸಲ ಏನು ಮಾಡ್ತೀಯಾ?’ ಹುಡುಗಿ ಯೋಚಿಸಿ ಹೇಳಿದಳು: ‘ಹತ್ತಿದ ಕೂಡಲೇ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಕೋತೀನಿ. ಅಲಾರಂ ಹೊಡೆದ ಮೇಲೆ ಹಾಡು ಬಂದ್.’ ಮುಂದಿನ ಸಲ ಅಮ್ಮ ಹಿಂದಿನ ಸೀಟಿನಲ್ಲಿ ಕೂತರು. ಆಮೇಲೆ ಸ್ಟಾಪಿನ ತನಕ ಮಾತ್ರ ಬಂದರು. ದಾರಿ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಚೀಟಿ ಚೀಲದಲ್ಲಿದೆ. ಅಮ್ಮನೇ ಅಲಾರಂ ಇಟ್ಟುಕೊಟ್ಟಿದ್ದರೆ ಆ ಒಂದು ಬಸ್ಸಿಗೆ ಸಾಕಾಗುತ್ತಿತ್ತು. ತಾನೇ ಕಂಡುಕೊಂಡ ಉಪಾಯವನ್ನು ಅವಳು ಪರೀಕ್ಷೆಗೂ ಬಳಸಬಹುದು, ಮಾತ್ರೆ ತೆಗೆದುಕೊಳ್ಳುವುದಕ್ಕೂ ಬಳಸಬಹುದು.

ಗೆಳೆಯರ ವಿಷಯ ಹೇಳದೆ ಹೋದರೆ ನನ್ನ ಮಾತು ಅರ್ಧವೇ. ಆಸ್ಪತ್ರೆಯಲ್ಲಿದ್ದಾಗ ಕ್ಲಾಸಿನವರೆಲ್ಲ ಕಾರ್ಡ್ ಬರೆದು ಕಳಿಸುತ್ತಾರೆ. ಮನೆಗೆ ಬಂದ ಹೊಸದರಲ್ಲಿ ನೋಡಲು ಬರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಮಕ್ಕಳು ಕೆಟ್ಟವರಾಗಿದ್ದಾರೆ ಅಂತಲ್ಲ. ಗೆಳೆಯ ಮಾತಿನ ನಡುವೆ ಬಾಯಿ ಹಾಕುತ್ತಾನೆ, ತಮಾಷೆಯನ್ನು ನಿಜ ಅಂದುಕೊಳ್ಳುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. ಯಾಕೆ ಎಂದು ಅವರಿಗೆ ಯಾರೂ ಹೇಳಿಲ್ಲ. ‘ಅವನು ಬದಲಾಗಿಬಿಟ್ಟ’ ಅಂದುಕೊಂಡು ದೂರವಾಗುತ್ತಾರೆ. ಇಡೀ ಕ್ಲಾಸಿಗೆ ಭಾಷಣ ಮಾಡುವುದಕ್ಕಿಂತ ಇಬ್ಬರು ಮೂವರು ಗೆಳೆಯರಿಗೆ ಬಿಡಿಸಿ ಹೇಳುವುದು ಒಳ್ಳೆಯದು. ‘ಅವನಿಗೆ ಉತ್ತರ ಹೇಳೋಕೆ ಸ್ವಲ್ಪ ಹೊತ್ತು ಬೇಕು, ಕಾಯಿರಿ.’ ‘ಹೇಳಿದ್ದೇ ಹೇಳಿದರೆ, ಆಗಲೇ ಹೇಳಿದೆಯಲ್ಲೋ ಅಂತ ನೆನಪಿಸಿ, ಅವನು ಬೇಜಾರು ಮಾಡ್ಕೊಳ್ಳಲ್ಲ.’ ಇಷ್ಟು ಗೊತ್ತಾದರೆ ಮಕ್ಕಳು ಎಷ್ಟು ಚೆನ್ನಾಗಿ ನಡೆದುಕೊಳ್ಳುತ್ತಾರೆ ಅಂದರೆ, ನೋಡಿದವರಿಗೆ ಕಣ್ಣು ತುಂಬುತ್ತದೆ. ಆದರೆ ಏನು ಹೇಳಬೇಕು, ಯಾರಿಗೆ ಹೇಳಬೇಕು ಅನ್ನುವುದನ್ನು ಮಗುವನ್ನು ಕೇಳಿಯೇ ತೀರ್ಮಾನಿಸಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇದನ್ನೇ: ತನ್ನ ವಿಷಯದಲ್ಲಿ ಮಾತಾಡುವ ಹಕ್ಕು ಮಗುವಿಗಿದೆ.

ಅದೇ ಒಡಂಬಡಿಕೆಯ 31ನೇ ವಿಧಿಯಲ್ಲಿ ವಿರಾಮ ಮತ್ತು ಆಟದ ಹಕ್ಕು ಇದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಈ ಮಕ್ಕಳ ದಿನದಿಂದ ಮೊದಲು ಮಾಯವಾಗುವುದೇ ಆಟ. ಶಾಲೆ, ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ಬಿಟ್ಟುಹೋದ ಪಾಠ, ಮತ್ತೆ ಥೆರಪಿ. ಆಟದ ಸಾಮಾನು ಕೈಗೆ ಕೊಟ್ಟರೂ, ಶಕ್ತಿ ಕುಂದಿದ ಕೈಗೆ ಅಭ್ಯಾಸ ಆಗಲಿ ಎಂದು ‘ಬಲಗೈಯಲ್ಲಿ ಹಿಡ್ಕೋ’ ಅನ್ನುತ್ತೇವೆ. ನಾನೂ ಒಬ್ಬಳು ಥೆರಪಿಸ್ಟ್ ಆಗಿ ಹೇಳುತ್ತಿದ್ದೇನೆ: ವಾರದಲ್ಲಿ ಕೆಲವು ಗಂಟೆಯಾದರೂ ಯಾರೂ ಆ ಮಗುವನ್ನು ಸುಧಾರಿಸಲು ಹೋಗಬೇಡಿ. ಅದು ಎಡಗೈಯಲ್ಲೇ ಆಡಲಿ.

ಅಕ್ಕ, ತಮ್ಮಂದಿರನ್ನೂ ಮರೆಯಬೇಡಿ. ಮನೆಯ ಗಮನವೆಲ್ಲ ಒಂದೇ ಕಡೆ ಹರಿದಾಗ ಅವರು ಬಾಯಿಬಿಟ್ಟು ಕೇಳುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ತಾಯಿ ಕೇಳಿದ್ದು: ‘ಮೇಡಂ, ನನ್ನ ಮಗನಿಗೆ ಹದಿನೇಳು. ಹೊರಗೆ ಹೋಗಲ್ಲ. ಆದರೆ ಆನ್‌ಲೈನಲ್ಲಿ ನಾಲ್ಕು ಗೆಳೆಯರ ಜೊತೆ ಗೇಮ್ ಆಡ್ತಾನೆ. ಅದನ್ನೂ ಲೆಕ್ಕಕ್ಕೆ ಹಿಡಿಯಬಹುದಾ?’

ಖಂಡಿತ ಹಿಡಿಯಬಹುದು. ಅಲ್ಲಿ ಅವನು ಮಾತಾಡುತ್ತಾನೆ, ಸೋಲುತ್ತಾನೆ, ಗೆಲ್ಲುತ್ತಾನೆ, ಅವನಿಗಾಗಿ ನಾಲ್ಕು ಜನ ಕಾಯುತ್ತಾರೆ. ಕೈಕಾಲಿನ ತೊಂದರೆ, ಗದ್ದಲದ ತೊಂದರೆ ಅಲ್ಲಿ ಕಡಿಮೆ. ನಿದ್ದೆ ಕೆಡದಂತೆ, ತಲೆನೋವು ಬರದಂತೆ ಹೊತ್ತನ್ನು ಗೊತ್ತುಮಾಡಿ. ಪೆಟ್ಟಾದ ಮೇಲೆ ಮೋಸ ಹೋಗುವುದು ಸುಲಭ, ಹಾಗಾಗಿ ಹಣದ ವಿಷಯ, ಗುರುತಿಲ್ಲದವರ ವಿಷಯ ಕೂತು ಮಾತಾಡಿ. ಆ ನಾಲ್ವರಲ್ಲಿ ಒಬ್ಬನನ್ನಾದರೂ ಮನೆಗೆ ಕರೆದು ಪಕ್ಕಪಕ್ಕ ಕೂತು ಅದೇ ಗೇಮ್ ಆಡಬಹುದಾ ಎಂದು ಮಗನನ್ನೇ ಕೇಳಿ ನೋಡಿ.

ಕೊನೆಯದಾಗಿ ಒಬ್ಬ ತಂದೆ ಎದ್ದು ನಿಂತರು. ‘ಮಗಳನ್ನು ಏನು ಬೇಕು ಅಂತ ಕೇಳಿ ಅಂದಿರಿ. ಕೇಳ್ತೀನಿ. ಏನೂ ಬೇಡ ಅಂತಾಳೆ. ಇಡೀ ದಿನ ಸುಮ್ನೆ ಕೂತಿರ್ತಾಳೆ. ಆಗ ಏನು ಮಾಡೋದು?’

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ‘ಏನೂ ಬೇಡ’ ಅನ್ನುವುದರ ಹಿಂದೆ ಬೇರೆ ಬೇರೆ ಕಾರಣ ಇರಬಹುದು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಯಾವುದನ್ನೂ ತಾನಾಗಿ ಶುರು ಮಾಡಲು ಆಗದೆ ಹೋಗಬಹುದು. ಆಸೆ ಒಳಗೆ ಇರುತ್ತದೆ, ಹೊರಡುವುದಕ್ಕೆ ಆಗುವುದಿಲ್ಲ. ಅಂಥ ಮಗುವಿಗೆ ‘ಏನು ಬೇಕು?’ ಎಂಬ ಪ್ರಶ್ನೆಯೇ ದೊಡ್ಡದು. ಎರಡು ವಸ್ತು ಮುಂದಿಟ್ಟು ‘ಬಣ್ಣ ಹಚ್ಚೋಣವಾ, ಹೊರಗೆ ನಡೆದು ಬರೋಣವಾ?’ ಎಂದು ಕೇಳಿ. ನೀವೇ ಜೊತೆಗೆ ಶುರು ಮಾಡಿ. ಐದು ನಿಮಿಷ ಆದಮೇಲೆ ಅವಳು ತಾನಾಗಿ ಮುಂದುವರಿಸಿದರೆ, ತೊಡಕು ಇರುವುದು ಶುರು ಮಾಡುವುದರಲ್ಲಿ ಎಂದು ತಿಳಿಯಿರಿ. ಬೆಳಿಗ್ಗೆ ಚುರುಕಾಗಿದ್ದು ಸಂಜೆಗೆ ಮಾತ್ರ ಹೀಗಾದರೆ ಸುಸ್ತು ಇರಬಹುದು. ಮುಂಚೆ ಇಷ್ಟವಾಗಿದ್ದು ಈಗ ಮಾಡಿಸಿದರೂ ಹಿಡಿಸುತ್ತಿಲ್ಲ, ನಿದ್ದೆ ಊಟ ಕೆಟ್ಟಿದೆ, ‘ನಾನು ಯಾಕಿರಬೇಕು’ ಎಂಬಂಥ ಮಾತು ಬರುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಪೆಟ್ಟಾದ ಮೇಲೆ ತನ್ನಲ್ಲಿ ಏನು ಬದಲಾಗಿದೆ ಎಂದು ಅರಿವಾಗುವ ವಯಸ್ಸಿನಲ್ಲಿ ಹೀಗಾಗುವುದು ಅಪರೂಪವಲ್ಲ. ಸಾಯುವ ಮಾತು ಬಂದರೆ ಒಂದು ದಿನವೂ ತಡ ಮಾಡಬೇಡಿ, ಅವಳನ್ನು ಒಬ್ಬಳೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈ ಮೂರೂ ಒಟ್ಟಿಗೆ ಇರುವುದೂ ಉಂಟು. ಅದಕ್ಕೆ ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಹೊತ್ತಿಗೆ ಹೇಗಿದ್ದಳು, ಏನು ಶುರು ಮಾಡಿದಾಗ ಮುಂದುವರಿಸಿದಳು, ಯಾವಾಗ ನಕ್ಕಳು. ಮುಂದಿನ ಭೇಟಿಗೆ ಆ ಹಾಳೆಯನ್ನು ತೆಗೆದುಕೊಂಡು ಹೋಗಿ. ಡಾಕ್ಟರಿಗೂ ಥೆರಪಿಸ್ಟಿಗೂ ಅದನ್ನು ನೋಡಿದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ.